ಬೆಂಚಿನ ಮೇಲೆ ಕೂತವನೂ ಕಮ್ಯುನಿಸ್ಟ್

‘ಮಾಂಸ ಹಾಕಿದ ಸೂಪು’, ‘ಮಾಂಸ ಹಾಕದ ಸೂಪು’. 1955ರ ಜೂನ್ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಳಿಯ ಕ್ಲಿಪ್‌ಟೌನ್ ಬಯಲಲ್ಲಿ ಊಟದ ಸಾಲಿನಲ್ಲಿ ನಿಂತವರಿಗೆಂದು ಬರೆದಿಟ್ಟಿದ್ದ ಎರಡು ಫಲಕಗಳಿವು. ಎಲ್ಲ ಬಣ್ಣದ ಜನ ಒಟ್ಟಿಗೆ ಕೂತು ಸಮಾನ ಹಕ್ಕು ಕೇಳುವ ‘ಸ್ವಾತಂತ್ರ್ಯ ಸನ್ನದು’ ಒಪ್ಪಿಕೊಂಡ ಸಭೆ ಅದು. ಎರಡನೇ ದಿನ ಪೊಲೀಸರು ನುಗ್ಗಿ ಕೈಗೆ ಸಿಕ್ಕ ಕಾಗದವನ್ನೆಲ್ಲ ಬಾಚಿಕೊಂಡು ಹೋದರು. ಸೂಪಿನ ಫಲಕಗಳನ್ನೂ ಬಿಡಲಿಲ್ಲ. ಮುಂದಿನ ವರ್ಷ 156 ಮಂದಿಯನ್ನು ಬಂಧಿಸಿ ಹೂಡಿದ ದೇಶದ್ರೋಹದ ಮೊಕದ್ದಮೆಯಲ್ಲಿ ಅವೂ ಸಾಕ್ಷ್ಯವಾಗಿ ಬಂದವು. ಸರ್ಕಾರ ಉರುಳಿಸಿ ಕಮ್ಯುನಿಸ್ಟ್ ರಾಜ್ಯ ಕಟ್ಟಲು ಸಂಚು ಹೂಡಿದ್ದರು ಎಂಬುದು ಆರೋಪ. ನಗು ಬರುತ್ತದೆ, ನಿಜ. ಆದರೆ ಆ ಆರೋಪಕ್ಕೆ ಗಲ್ಲಿನವರೆಗೂ ಶಿಕ್ಷೆಯಿತ್ತು.

ಈ ಕಮ್ಯುನಿಸ್ಟ್ ಭಯದ ಬೇರು ಗಣಿಗಳಲ್ಲಿದೆ. 1946ರಲ್ಲಿ ವಿಟ್‌ವಾಟರ್ಸ್‌ರಾಂಡ್‌ನ ಚಿನ್ನದ ಗಣಿಗಳ ಕರಿಯ ಕಾರ್ಮಿಕರು ದಿನಕ್ಕೆ 10 ಶಿಲ್ಲಿಂಗ್ ಕೂಲಿ ಕೇಳಿ ಮುಷ್ಕರ ಹೂಡಿದರು. ಸಂಘದ ಅಧ್ಯಕ್ಷ ಜೆ.ಬಿ. ಮಾರ್ಕ್ಸ್ (ಹೆಸರು ಕಾಕತಾಳೀಯ) ಕಮ್ಯುನಿಸ್ಟ್ ಪಕ್ಷದವರೇ. ಕರಿಯ, ಬಿಳಿಯ, ಭಾರತೀಯ ಎನ್ನದೆ ಎಲ್ಲರೂ ಒಂದೇ ಸಾಲಿನ ಕುರ್ಚಿಯಲ್ಲಿ ಕೂರುತ್ತಿದ್ದ ಪಕ್ಷ ಅದು. ನನ್ನ ಮಟ್ಟಿಗೆ, ಬಿಳಿಯರ ಸರ್ಕಾರಕ್ಕೆ ಮಾಸ್ಕೋಗಿಂತ ಹೆಚ್ಚು ಚುಚ್ಚಿದ್ದು ಆ ಕುರ್ಚಿಗಳೇ.

1948ರಲ್ಲಿ ವರ್ಣಭೇದ ನೀತಿಯ, ಬಿಳಿಯರ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. 1950ರಲ್ಲಿ ಕಮ್ಯುನಿಸಂ ನಿಗ್ರಹ ಕಾಯ್ದೆ ಬಂತು. ಪಕ್ಷ ಅದಕ್ಕೂ ಮೊದಲೇ ತನ್ನನ್ನು ತಾನೇ ವಿಸರ್ಜಿಸಿಕೊಂಡಿತ್ತು. ಆದರೆ ಕಾಯ್ದೆಯ ಗುರಿ ಪಕ್ಷವಷ್ಟೇ ಆಗಿರಲಿಲ್ಲ. ಎಲ್ಲ ಮರ್ಮ ಇದ್ದದ್ದು ವ್ಯಾಖ್ಯೆಯ ಕಲಮಿನಲ್ಲಿ. ಕಾನೂನು ಮೀರಿ, ಗದ್ದಲ ಎಬ್ಬಿಸಿ ಯಾವುದೇ ರಾಜಕೀಯ, ಸಾಮಾಜಿಕ ಬದಲಾವಣೆ ತರಲು ಹೊರಟರೆ ಅದು ಕಮ್ಯುನಿಸಂ. ಬಿಳಿಯರು ಮತ್ತು ಬಿಳಿಯರಲ್ಲದವರ ನಡುವೆ ಹಗೆ ಹುಟ್ಟಿಸುವುದೂ, ಅದರಿಂದ ಗುರಿ ಸಾಧಿಸುವ ಉದ್ದೇಶವಿದ್ದರೆ, ಕಮ್ಯುನಿಸಂ. ಬಣ್ಣದ ಗೋಡೆಗಳೇ ಕಾನೂನಾಗಿದ್ದ ದೇಶದಲ್ಲಿ ಅವನ್ನು ಮುಟ್ಟಿದವರೆಲ್ಲ ಈ ಬಲೆಗೆ ಬೀಳಲೇಬೇಕು.

ಬಿದ್ದರು ಕೂಡ. 1952ರ ಜೂನ್ 26ರಿಂದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ (ಎಎನ್‌ಸಿ) ಮತ್ತು ಅದರ ಜೊತೆಗಾರ ಸಂಘಟನೆಗಳ ಸ್ವಯಂಸೇವಕರು ‘ಬಿಳಿಯರಿಗೆ ಮಾತ್ರ’ ಎಂದು ಬರೆದ ಬೆಂಚುಗಳ ಮೇಲೆ ಕೂತರು, ಬಿಳಿಯರ ಬಾಗಿಲಿನಿಂದಲೇ ರೈಲು ನಿಲ್ದಾಣ ಹೊಕ್ಕರು. ನಮ್ಮ ಸತ್ಯಾಗ್ರಹದ ದಾರಿಯೇ. ಗಾಂಧೀಜಿ ಅದನ್ನು ಮೊದಲು ಪಳಗಿಸಿದ್ದೂ ಆ ನೆಲದಲ್ಲೇ. 8,000ಕ್ಕೂ ಹೆಚ್ಚು ಮಂದಿ ಜೈಲಿಗೆ ಹೋದರು. ಡಿಸೆಂಬರ್‌ನಲ್ಲಿ ಮಂಡೇಲಾ, ಸಿಸುಲು, ಭಾರತ ಮೂಲದ ಡಾಕ್ಟರ್ ಯೂಸುಫ್ ದಾದೂ ಸೇರಿ 20 ಮುಖಂಡರು ತಪ್ಪಿತಸ್ಥರೆಂದು ತೀರ್ಪು ಬಂತು. ಅಪರಾಧದ ಹೆಸರು ‘ಶಾಸನೋಕ್ತ ಕಮ್ಯುನಿಸಂ’. ಜನ ಸಾಮಾನ್ಯವಾಗಿ ಕಮ್ಯುನಿಸಂ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನ್ಯಾಯಮೂರ್ತಿ ರಂಫ್ ಅವರೇ ಹೇಳಿದರು. ಹೇಳಿ, ಒಂಬತ್ತು ತಿಂಗಳ ಶಿಕ್ಷೆ ಕೊಟ್ಟು ಅಮಾನತಿನಲ್ಲಿಟ್ಟರು.

ಕಾಯ್ದೆಗೆ ಕೋರ್ಟೂ ಬೇಕಿರಲಿಲ್ಲ. ಮಂತ್ರಿ ಸಹಿ ಹಾಕಿದರೆ ಸಾಕು, ಒಬ್ಬ ಮನುಷ್ಯ ಸಭೆಗೆ ಹೋಗುವಂತಿಲ್ಲ, ಊರು ದಾಟುವಂತಿಲ್ಲ. ಚರ್ಚಿನಲ್ಲಿ ಪ್ರವಚನ ಮಾಡುತ್ತಿದ್ದ ಎಎನ್‌ಸಿ ಅಧ್ಯಕ್ಷ ಆಲ್ಬರ್ಟ್ ಲುಥುಲಿಗೆ 1959ರಲ್ಲಿ ಐದು ವರ್ಷದ ನಿರ್ಬಂಧ ಬಿತ್ತು. ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಲು ಓಸ್ಲೋಗೆ ಹೋಗುವುದಕ್ಕೂ ಅವರು ಅಪ್ಪಣೆ ಕಾಯಬೇಕಾಯಿತು.

ದೇಶದ್ರೋಹದ ಮೊಕದ್ದಮೆಯಲ್ಲಿ ಪ್ರಾಸಿಕ್ಯೂಷನ್ ಪರ ಕಮ್ಯುನಿಸಂ ಪರಿಣತರಾಗಿ ಬಂದವರು ಕೇಪ್‌ಟೌನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆಂಡ್ರ್ಯೂ ಮರ್ರಿ. ಪಾಟೀಸವಾಲಿನಲ್ಲಿ ವಕೀಲ ವರ್ನನ್ ಬೆರಾಂಜೆ ಒಂದು ಬರಹ ಓದಿ, ಇದೇನು ಎಂದು ಕೇಳಿದರು. ಅಪ್ಪಟ ಕಮ್ಯುನಿಸಂ ಎಂದರು ಪ್ರೊಫೆಸರ್. ಅದು 1930ರ ದಶಕದಲ್ಲಿ ಅವರೇ ಬರೆದದ್ದು! 1961ರ ಮಾರ್ಚ್‌ನಲ್ಲಿ ಕಟಕಟೆಯಲ್ಲಿ ಉಳಿದಿದ್ದವರೆಲ್ಲ ಖುಲಾಸೆಯಾದರು. ಪೀಠದಲ್ಲಿ ಇದ್ದವರು ಅದೇ ರಂಫ್.

ಮಂಡೇಲಾ 1962ರಲ್ಲಿ ಬಂಧಿತರಾದಾಗ ಭೂಗತ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯಲ್ಲಿದ್ದರು ಎಂದು ಪಕ್ಷವೇ 2013ರಲ್ಲಿ ಹೇಳಿತು. ಹಾಗಾದರೆ ಸರ್ಕಾರದ ಮಾತೇ ಸರಿಯಿತ್ತಲ್ಲ ಎನ್ನುವವರಿದ್ದಾರೆ. ಸದಸ್ಯತ್ವದ ಚೀಟಿ ಯಾರ ಜೇಬಿನಲ್ಲಿದೆ ಎಂದು ಆ ಕಾಯ್ದೆ ನೋಡಿದ್ದೇ ಇಲ್ಲ. ಕಮ್ಯುನಿಸ್ಟ್ ಅಲ್ಲದ ಲುಥುಲಿಯನ್ನು ಊರಲ್ಲೇ ಕಟ್ಟಿಹಾಕಿದ್ದೂ ಅದೇ ಕಾಯ್ದೆ.

1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು, ತೋರಿಸಲು ಕಮ್ಯುನಿಸಂನ ಗುಮ್ಮ ಉಳಿಯಲಿಲ್ಲ. 1990ರ ಫೆಬ್ರುವರಿ 2ರಂದು ಅಧ್ಯಕ್ಷ ಡಿ ಕ್ಲರ್ಕ್ ಎಎನ್‌ಸಿ, ಕಮ್ಯುನಿಸ್ಟ್ ಪಕ್ಷ ಎರಡರ ಮೇಲಿನ ನಿಷೇಧವನ್ನೂ ಒಂದೇ ಭಾಷಣದಲ್ಲಿ ತೆಗೆದರು. ಅಮೆರಿಕ ಮಾತ್ರ ತನ್ನ ಭಯೋತ್ಪಾದಕರ ಪಟ್ಟಿಯಿಂದ ಮಂಡೇಲಾ ಹೆಸರು ಅಳಿಸಿದ್ದು 2008ರ ಜುಲೈನಲ್ಲಿ. ಅವರಿಗೆ 90 ತುಂಬಲು ಆಗ ಕೆಲವೇ ದಿನ ಬಾಕಿ ಇತ್ತು.