ತಂಬಿಗೆಗೆ ಕುತ್ತಿಗೆ ಯಾಕೆ?

ತಂಬಿಗೆ ಅಂದರೆ ನೀರು, ಹಾಲು, ಮಜ್ಜಿಗೆ ತುಂಬಿಡುವ ದುಂಡು ಹೊಟ್ಟೆಯ ಪಾತ್ರೆ. ಕೆಲವು ಕಡೆ ಚೊಂಬು ಅನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ತಂಬಿಗಿ. ಪ್ರಾಕೃತದಲ್ಲಿ ‘ತಂಬ’ ಅಂದರೆ ತಾಮ್ರ. ಹೆಸರಿನಲ್ಲೇ ಲೋಹದ ಗುರುತಿದೆ. ಹಿಂದಿಯವರಿಗೆ ಇದೇ ಲೋಟಾ. ನಮ್ಮಲ್ಲಿ ಲೋಟ ಅಂದರೆ ಕಾಫಿ ಕುಡಿಯುವುದು, ಅಲ್ವಾ? ಪದ ಒಂದೇ, ಪಾತ್ರೆ ಬೇರೆ.

ಅದರ ಆಕಾರ ನೋಡಿ. ಕೆಳಗೆ ಅಗಲ ಹೊಟ್ಟೆ, ಮೇಲೆ ಕಿರಿದಾದ ಕುತ್ತಿಗೆ, ಹೊರಕ್ಕೆ ಬಾಗಿದ ಅಂಚು. ಇದೆಲ್ಲ ಸುಮ್ನೆ ಅಂದಕ್ಕೆ ಬಂದದ್ದಲ್ಲ. ತಂಬಿಗೆಗೆ ಹಿಡಿಕೆ ಇಲ್ಲ, ಕುತ್ತಿಗೆಯೇ ಹಿಡಿಕೆ. ಬೆರಳುಗಳು ಅಂಚಿನ ಕೆಳಗೆ ಕೂರುತ್ತವೆ, ಕೈ ಒದ್ದೆಯಿದ್ದರೂ ಜಾರುವುದಿಲ್ಲ. ಬಾವಿಗೆ ಇಳಿಸುವಾಗ ಹಗ್ಗದ ಕುಣಿಕೆ ಬೀಳುವುದೂ ಅಲ್ಲೇ. ಭಾರವೆಲ್ಲ ಹೊಟ್ಟೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಹೊಲದ ಬದುವಿನ ಮೇಲೆ ನಡೆದರೂ ನೀರು ಜಾಸ್ತಿ ತುಳುಕುವುದಿಲ್ಲ. ಬಾಯಿ ಮಾತ್ರ ಕೈ ಒಳಗೆ ಹೋಗುವಷ್ಟು ಅಗಲ. ಇಲ್ಲದಿದ್ದರೆ ಹುಣಸೆಹಣ್ಣು ಹಾಕಿ ಉಜ್ಜುವುದು ಹೇಗೆ?

ಭಾರತ ಸರ್ಕಾರದ ಕರೆಯ ಮೇಲೆ ಬಂದಿದ್ದ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರ ತಮ್ಮ ವರದಿಯಲ್ಲಿ ಲೋಟಾವನ್ನು ಮನಸಾರೆ ಮೆಚ್ಚಿಕೊಂಡರು. ಇದು ಒಬ್ಬರ ವಿನ್ಯಾಸವಲ್ಲ, ಎಷ್ಟೋ ತಲೆಮಾರುಗಳದ್ದು ಎಂದರು. ಆ ವರದಿಯ ಬೆನ್ನಲ್ಲೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ನನಗೆ ತುಂಬಾ ಹಿಡಿಸಿದ್ದು ಅವರು ಕೇಳಿಕೊಂಡ ಪ್ರಶ್ನೆಗಳು. ಎಷ್ಟು ನೀರು ಹಿಡಿಯಬೇಕು? ಹೊರುವುದು ತಲೆಯ ಮೇಲೋ, ಸೊಂಟದಲ್ಲೋ? ಕಲ್ಲಿನ ಮೇಲೆ ಇಟ್ಟರೆ ಎಂಥ ಸದ್ದು? ಸದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡರಲ್ಲ!

ಮುಂದೆ ತಾಮ್ರ, ಹಿತ್ತಾಳೆಯ ಜಾಗಕ್ಕೆ ಸ್ಟೀಲ್ ಬಂತು. ಹಿತ್ತಾಳೆಗೆ ಒಳಗೆ ಕಲಾಯಿ ಹಾಕಿಸಬೇಕಿತ್ತು, ಇಲ್ಲದಿದ್ದರೆ ಮಜ್ಜಿಗೆ ಕಿಲುಬು ಹಿಡಿಯುತ್ತಿತ್ತು. ಸ್ಟೀಲಿಗೆ ಆ ಕಷ್ಟವಿಲ್ಲ. ಲೋಹ ಬದಲಾದರೂ ಆಕಾರ ಹಾಗೇ ಉಳಿಯಿತು. ಅದು ಬದಲಾದದ್ದು ಮನೆಯೊಳಗೆ ನಲ್ಲಿ, ಬಕೆಟ್ ಬಂದ ಮೇಲೆ. ನೀರು ಹೊತ್ತು ನಡೆಯುವ ಕೆಲಸ ಹೋಯಿತು, ಅದರ ಜೊತೆ ಕುತ್ತಿಗೆಯ ಕೆಲಸವೂ ಹೋಯಿತು. ಬಚ್ಚಲಿಗೆ ಹಿಡಿಕೆಯಿರುವ ಪ್ಲಾಸ್ಟಿಕ್ ಮಗ್ ಬಂತು. ಹಗುರ, ಅಗ್ಗ, ಬಿದ್ದರೆ ನೆಗ್ಗುವುದಿಲ್ಲ. ಅದನ್ನು ಕೆಟ್ಟದ್ದು ಅನ್ನಲಾರೆ.

ಆದರೆ ಹಬ್ಬದ ದಿನ ಕಲಶಕ್ಕೆ ಇವತ್ತಿಗೂ ತಂಬಿಗೆಯೇ ಬೇಕು. ಕುತ್ತಿಗೆಗೆ ದಾರ ಸುತ್ತಬೇಕು, ಮಾವಿನೆಲೆ ಹರಡಿಕೊಂಡು ನಿಲ್ಲಬೇಕು, ತೆಂಗಿನಕಾಯಿ ಒಳಗೆ ಬೀಳದೆ ಬಾಯ ಮೇಲೆ ಕೂರಬೇಕು.