ವೆನಿಸ್ ಅಂತ ಬರೆದು ರವೆನ್ನಾದಲ್ಲಿ ಇಳಿಸುವ ಹಡಗುಗಳು

ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡುವ ಮುಂಚೆ ಬಂದರುಗಳ ಪಟ್ಟಿಯನ್ನು ಸ್ವಲ್ಪ ಗಮನವಿಟ್ಟು ಓದಿ. ಡುಬ್ರೊವ್ನಿಕ್, ಕೋರ್ಫು, ಸಾಂಟೊರಿನಿ ಅಂತ ಸಾಲಾಗಿ ಹೆಸರುಗಳಿರುತ್ತವೆ. ವೆನಿಸ್ ಪಕ್ಕದಲ್ಲಿ ಮಾತ್ರ ಎಷ್ಟೋ ಸಲ ಒಂದು ಕಂಸ ಕಾಣಿಸುತ್ತದೆ: ವೆನಿಸ್ (ರವೆನ್ನಾ) ಅಥವಾ ವೆನಿಸ್ (ಟ್ರಿಯೆಸ್ಟೆ). ರವೆನ್ನಾ ಇರುವುದು ವೆನಿಸ್‌ನಿಂದ ಸುಮಾರು 140 ಕಿ.ಮೀ. ದೂರದಲ್ಲಿ. ಮೈಸೂರು ಅಂತ ಟಿಕೆಟ್ ಕೊಟ್ಟು ಬೆಂಗಳೂರಿನಲ್ಲಿ ಇಳಿಸಿದ ಹಾಗೆ. ಆ ಕಂಸ ಅಲ್ಲಿಗೆ ಹೇಗೆ ಬಂತು ಅನ್ನುವುದೇ ಒಂದು ದೊಡ್ಡ ಕತೆ.

ಹಡಗಿನಿಂದಲೇ ಹಣ ಕಂಡ ಊರು ವೆನಿಸ್. ನಮ್ಮ ಕರಾವಳಿಯ ಮೆಣಸು ಅರಬ್ಬರ ಕೈ ದಾಟಿ ಯೂರೋಪಿಗೆ ಹೋಗುತ್ತಿದ್ದಾಗ ಅದನ್ನು ಮಾರಿ ಲಾಭ ಮಾಡಿದ್ದು ವೆನಿಸ್ ವ್ಯಾಪಾರಿಗಳು. ಸುಮಾರು 1420ರಲ್ಲಿ ವಿಜಯನಗರ ನೋಡಿ ಹೋದ ನಿಕೊಲೊ ಕೊಂಟಿ ಆ ಕಡೆಯವನೇ. ಹೆಂಗಸರ ಪುತಳಿ ಸರದ ಬಿಲ್ಲೆಗಳ ಮೂಲ ಕೂಡ ವೆನಿಸ್‌ನ ಡಕಾಟ್ ನಾಣ್ಯ. 1498ರಲ್ಲಿ ಪೋರ್ಚುಗೀಸರು ಕೇರಳಕ್ಕೆ ನೇರ ದಾರಿ ಹುಡುಕಿದರು, 1797ರಲ್ಲಿ ನೆಪೋಲಿಯನ್ ವೆನಿಸ್ ಗಣರಾಜ್ಯವನ್ನೇ ಮುಗಿಸಿದ, 1917ರಲ್ಲಿ ಎದುರು ದಡದ ಮಾರ್ಗೆರಾದಲ್ಲಿ ಕೈಗಾರಿಕಾ ಬಂದರು ಶುರುವಾಯಿತು, 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಊರೂ ಅದರ ಸುತ್ತಲಿನ ಹಿನ್ನೀರೂ ಸೇರಿದವು. ಅಷ್ಟು ಹೊತ್ತಿಗೆ ಊರಿಗೆ ಉಳಿದಿದ್ದ ದೊಡ್ಡ ವ್ಯಾಪಾರ ಪ್ರವಾಸಿಗರದ್ದೇ.

ಕ್ರೂಸ್ ಹಡಗುಗಳು ಜಾಸ್ತಿಯಾಗಿದ್ದು ಆಮೇಲೆ. 2011ರಲ್ಲಿ ಸುಮಾರು 18 ಲಕ್ಷ ಕ್ರೂಸ್ ಪ್ರಯಾಣಿಕರು ಈ ಬಂದರಿನ ಮೂಲಕ ಓಡಾಡಿದರು. ಹಡಗು ಲಿಡೊ ಬಾಯಿಯಿಂದ, ಅಂದರೆ ಸಮುದ್ರ ಹಿನ್ನೀರಿಗೆ ಸೇರುವ ಕಡೆಯಿಂದ, ಒಳಗೆ ಬರಬೇಕು, ಸಂತ ಮಾರ್ಕನ ಚೌಕದ ಮುಂದೆಯೇ ಹಾದು, ಜುದೆಕ್ಕಾ ಕಾಲುವೆ ದಾಟಿ, ಮರಿತ್ತಿಮಾ ಧಕ್ಕೆಗೆ ಸೇರಬೇಕು. ಮೇಲಿನ ಡೆಕ್‌ನಲ್ಲಿ ನಿಂತವರಿಗೆ ಇಡೀ ಊರು ಕಾಲ ಕೆಳಗೆ. ಟಿಕೆಟ್ ಖರ್ಚಾಗುತ್ತಿದ್ದುದೇ ಆ ನೋಟಕ್ಕೆ. ಕೆಳಗೆ ಬಟ್ಟೆ ಒಣಗಿಸುತ್ತಿದ್ದವರಿಗೆ ಕಾಣುತ್ತಿದ್ದುದು ಚರ್ಚಿನ ಗೋಪುರವನ್ನೇ ಮರೆಮಾಡುವ ಒಂದು ಬಿಳಿ ಗೋಡೆ.

2012ರ ಜನವರಿ 13ರ ರಾತ್ರಿ ಇಟಲಿಯ ಇನ್ನೊಂದು ಕರಾವಳಿಯಲ್ಲಿ, ಜಿಲಿಯೊ ದ್ವೀಪದ ಬಳಿ, ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ದಡಕ್ಕೆ ತೀರಾ ಹತ್ತಿರ ಹೋಗಿ ಬಂಡೆಗೆ ತಾಗಿ ಮಗುಚಿತು. 32 ಜನ ಸತ್ತರು. ದಡಕ್ಕೆ ಹತ್ತಿರ ಹೋಗಿ ಊರಿಗೆ ನಮಸ್ಕಾರ ಮಾಡುವ ಪದ್ಧತಿಗೆ ಅಲ್ಲಿ 'ಇಂಕೀನೊ' ಅನ್ನುತ್ತಾರೆ, ತಲೆ ಬಾಗುವುದು ಅಂತ ಅರ್ಥ. ಅಂಥ ನಮಸ್ಕಾರ ವೆನಿಸ್‌ನಲ್ಲಿ ದಿನಾ ನಡೆಯುತ್ತಿತ್ತಲ್ಲ ಎಂದು ಜನ ಬೆಚ್ಚಿಬಿದ್ದರು. ಎರಡು ತಿಂಗಳಲ್ಲಿ ಸರ್ಕಾರದ ಆದೇಶ ಬಂತು: 40,000 ಟನ್ನೇಜ್ ಮೀರಿದ ಹಡಗು ಚೌಕದ ಮುಂದೆ ಬರುವಂತಿಲ್ಲ. ಆದರೆ ಕೊನೆಗೊಂದು ಸಾಲು ಇತ್ತು. ಬದಲಿ ದಾರಿ ಸಿಕ್ಕ ಮೇಲಷ್ಟೇ ಇದು ಜಾರಿ. ಆ ಒಂದು ಸಾಲು ಒಂಬತ್ತು ವರ್ಷ ಬದುಕಿತು.

ಇಲ್ಲಿ ಟನ್ನೇಜ್ ಅಂದರೆ ತೂಕ ಅಲ್ಲ. ಹಡಗಿನ ಒಳಗೆ ಎಷ್ಟು ಜಾಗ ಇದೆ ಅನ್ನುವ ಅಳತೆ ಅದು. ಪತ್ರಿಕೆಗಳು ಇದನ್ನು ಸುಮ್ನೆ ಟನ್ ಅಂತ ಬರೆದು ಗೊಂದಲ ಹೆಚ್ಚಿಸಿದವು.

2013ರಲ್ಲಿ ಇನ್ನೊಂದು ಮಿತಿ ಗೊತ್ತುಮಾಡಿದರು, ಈ ಸಲ 96,000. ಅದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕಂಪನಿಗಳು ತಾವಾಗಿಯೇ ಆ ಮಿತಿ ಪಾಲಿಸುತ್ತೇವೆ ಅಂದವು, ಪಾಲಿಸಿದವು ಕೂಡ. ಎಲ್ಲರಿಗೂ ಸ್ವಲ್ಪ ಸಮಾಧಾನ. 40,000 ಇದ್ದದ್ದು 96,000 ಆಗಿದೆ ಅನ್ನುವುದು ಆ ಸಮಾಧಾನದಲ್ಲಿ ಮರೆತೇ ಹೋಯಿತು.

ವಾದ ಎರಡೂ ಕಡೆ ಇತ್ತು. ಬಂದರಿನವರು ಹೇಳಿದ್ದು: ಹಿಂದೆ ಮುಂದೆ ಟಗ್ ದೋಣಿ ಕಟ್ಟಿ ನಿಧಾನ ಎಳೆಯುತ್ತೇವೆ, ಅಲೆ ಏಳುವುದೇ ಇಲ್ಲ, ಸಾವಿರಾರು ಮನೆಗಳ ಒಲೆ ಇದರಿಂದ ಉರಿಯುತ್ತದೆ. ಅದರಲ್ಲಿ ಸುಳ್ಳಿಲ್ಲ. ಊರಿನ ಗೋಡೆಗೆ ದಿನಾ ಅಲೆ ಬಡಿಸುವುದು ಸಣ್ಣ ಮೋಟಾರು ದೋಣಿಗಳೇ, ಅವನ್ನು ಓಡಿಸುವವರಲ್ಲಿ ಊರವರೂ ಇದ್ದಾರೆ. 'ನೊ ಗ್ರಾಂದಿ ನಾವಿ', ಅಂದರೆ ದೊಡ್ಡ ಹಡಗು ಬೇಡ ಅನ್ನುತ್ತಿದ್ದವರು ಹೇಳಿದ್ದು: ಮೇಲೆ ಅಲೆ ಕಾಣದಿದ್ದರೂ ಅಷ್ಟು ದೊಡ್ಡ ಒಡಲು ಚಲಿಸುವಾಗ ತಳದ ನೀರು ನುಗ್ಗುತ್ತದೆ, ಹೂಳು ಕದಡುತ್ತದೆ. 2017ರಲ್ಲಿ ಅವರೇ ಒಂದು ಮತದಾನ ಇಟ್ಟರು. ಸುಮಾರು 18,000 ಜನ ಮತ ಹಾಕಿದರು, ಹೆಚ್ಚುಕಮ್ಮಿ ಎಲ್ಲರೂ ಹಡಗುಗಳು ಹಿನ್ನೀರಿನ ಹೊರಗಿರಲಿ ಅಂದರು. ಕಾನೂನಿನ ಬಲ ಅದಕ್ಕಿರಲಿಲ್ಲ.

ಆಮೇಲೆ 2019ರ ಜೂನ್ 2. ವೆನಿಸ್‌ನಲ್ಲಿ ಅಂದು 'ಸೆನ್ಸಾ' ಹಬ್ಬ, ಊರು ಸಮುದ್ರಕ್ಕೆ ಉಂಗುರ ಎಸೆದು ಮದುವೆಯಾಗುವ ದಿನ. ಅದೇ ಬೆಳಿಗ್ಗೆ ಎಂಎಸ್‌ಸಿ ಒಪೇರಾ ಜುದೆಕ್ಕಾ ಕಾಲುವೆಯಲ್ಲಿ ಹಿಡಿತ ತಪ್ಪಿತು. ಟಗ್ ದೋಣಿಯ ಹಗ್ಗ ತಡೆಯಲಿಲ್ಲ. ಹಡಗು ಸೈರನ್ ಕೂಗುತ್ತಲೇ ಬಂದು ಸಾನ್ ಬಸಿಲಿಯೊ ದಡಕ್ಕೂ ಅಲ್ಲಿ ನಿಂತಿದ್ದ ಪ್ರವಾಸಿ ದೋಣಿಗೂ ಗುದ್ದಿತು. ಕೆಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಒಪೇರಾದ ಟನ್ನೇಜ್ ಸುಮಾರು 65,000. ಎಲ್ಲರೂ ಒಪ್ಪಿಕೊಂಡಿದ್ದ 96,000ದ ಮಿತಿಯಲ್ಲಿ ಅದು ಆರಾಮಾಗಿ ಒಳಗೆ ಬರುತ್ತಿತ್ತು. ಹಳೆಯ ಆದೇಶ ಜಾರಿಯಲ್ಲಿದ್ದಿದ್ದರೆ ಆ ದಿನ ಅಲ್ಲಿ ಇರುತ್ತಲೇ ಇರಲಿಲ್ಲ, ಅಲ್ವಾ?

ಆಗಲೂ ತಕ್ಷಣ ಏನೂ ಆಗಲಿಲ್ಲ. ನವೆಂಬರ್ 12ಕ್ಕೆ 187 ಸೆಂ.ಮೀ. ಪ್ರವಾಹ ಬಂತು, ಮರುವರ್ಷ ಕೋವಿಡ್. 2021ರ ಜುಲೈನಲ್ಲಿ ಯುನೆಸ್ಕೊ ವೆನಿಸ್ ಅನ್ನು 'ಅಪಾಯದಲ್ಲಿರುವ' ಪಟ್ಟಿಗೆ ಸೇರಿಸಬಹುದು ಅನ್ನುವ ಹೊತ್ತಿಗೆ, ಸಭೆ ಕೂಡುವ ಮೊದಲೇ ಸರ್ಕಾರ ಆದೇಶ ಹೊರಡಿಸಿತು. ಆಗಸ್ಟ್ 1ರಿಂದ 25,000 ಟನ್ನೇಜ್, 180 ಮೀಟರ್ ಉದ್ದ, ನೀರಿನ ಮೇಲೆ 35 ಮೀಟರ್ ಎತ್ತರ, ಇದರಲ್ಲಿ ಯಾವುದನ್ನು ಮೀರಿದರೂ ಚೌಕದ ಮುಂದೆ ಪ್ರವೇಶವಿಲ್ಲ. ನಷ್ಟ ಆದವರಿಗೆ ಪರಿಹಾರವನ್ನೂ ಇಟ್ಟರು. ಒಂಬತ್ತು ವರ್ಷ ಸಿಗದ ಬದಲಿ ದಾರಿ ಮೂರೇ ವಾರದಲ್ಲಿ ಬೇಡವಾಯಿತು.

ಹಡಗುಗಳು ನಿಂತವೇ? ಇಲ್ಲ. ಕೆಲವು ಟ್ರಿಯೆಸ್ಟೆಗೆ ಹೋದವು, ಕೆಲವು ರವೆನ್ನಾಕ್ಕೆ. ಕೆಲವು ಮಲಮೊಕ್ಕೊ ಬಾಯಿಯಿಂದ, ತೈಲ ಹಡಗುಗಳಿಗಾಗಿ ತೋಡಿದ ಕಾಲುವೆಯಲ್ಲಿ, ಮಾರ್ಗೆರಾಕ್ಕೇ ಬರುತ್ತವೆ. ಅಂದರೆ ಹಿನ್ನೀರಿನ ಒಳಗೇ. ಅಲ್ಲಿಂದ ಪ್ರಯಾಣಿಕರು ಬಸ್ಸು, ದೋಣಿ ಹಿಡಿದು ಅದೇ ಚೌಕಕ್ಕೆ ಬರುತ್ತಾರೆ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ 2024ರ ಏಪ್ರಿಲ್ 25ರಿಂದ, ಜನ ಜಾಸ್ತಿ ಇರುವ ದಿನಗಳಲ್ಲಿ, ಊರು 5 ಯೂರೊ ವಸೂಲಿ ಶುರುಮಾಡಿತು. 1951ರಲ್ಲಿ ಹಳೆ ಊರಿನಲ್ಲಿ ಸುಮಾರು 1.75 ಲಕ್ಷ ಜನ ವಾಸವಿದ್ದರು. 2022ಕ್ಕೆ ಅದು 50 ಸಾವಿರಕ್ಕಿಂತ ಕೆಳಗಿಳಿಯಿತು. ಆ ಲೆಕ್ಕಕ್ಕೆ ಹಡಗೊಂದೇ ಕಾರಣ ಅಂದರೆ ತಪ್ಪಾಗುತ್ತದೆ. ಹಡಗು ಕಣ್ಣಿಗೆ ಬೀಳುತ್ತಿತ್ತು, ಖಾಲಿಯಾದ ಮನೆ ಬೀಳುತ್ತಿರಲಿಲ್ಲ.

ಬೇರೆ ಬಂದರುಗಳೂ ತಮ್ಮ ತಮ್ಮ ಲೆಕ್ಕ ಹಾಕುತ್ತಿವೆ. ಡುಬ್ರೊವ್ನಿಕ್ ದಿನಕ್ಕೆ ಎರಡೇ ದೊಡ್ಡ ಹಡಗು ಅಂದಿದೆ. ಸಾಂಟೊರಿನಿಯಲ್ಲಿ 2025ರಿಂದ ಸೀಸನ್‌ನಲ್ಲಿ ತಲೆಗೆ 20 ಯೂರೊ. ಬಾರ್ಸಿಲೋನಾ ತನ್ನ ಏಳು ಕ್ರೂಸ್ ಟರ್ಮಿನಲ್‌ಗಳನ್ನು ಐದಕ್ಕೆ ಇಳಿಸಲು ಹೊರಟಿದೆ.

ವೆನಿಸ್‌ನಲ್ಲಿ ಈಗಿನ ಮಾತು ಹೂಳೆತ್ತುವುದರದ್ದು. ಮಾರ್ಗೆರಾದಿಂದ ಮರಿತ್ತಿಮಾಕ್ಕೆ ಹೋಗುವ ವಿತ್ತೋರಿಯೊ ಎಮಾನುಯೆಲೆ ಕಾಲುವೆಯನ್ನು ಆಳ ಮಾಡಿದರೆ, ಮಧ್ಯಮ ಗಾತ್ರದ ಹಡಗುಗಳು ಚೌಕದ ಮುಂದೆ ಬಾರದೆ ಹಿತ್ತಿಲ ಕಡೆಯಿಂದ ಹಳೆ ಧಕ್ಕೆಗೇ ಬರಬಹುದು ಅನ್ನುವುದು ಯೋಜನೆ. ಬೇಡ ಅನ್ನುವವರು ಅದೇ 'ನೊ ಗ್ರಾಂದಿ ನಾವಿ' ಬಾವುಟ ಹಿಡಿದಿದ್ದಾರೆ.