10 ಮಿಲಿಗ್ರಾಂ ಭಾಗಕ್ಕೆ ಬರೀ ಯಂತ್ರ ಸಾಲದು

ಶ್ರವಣ ಸಾಧನದ ಬಿಡಿಭಾಗ, ಗಡಿಯಾರದ ಗೇರು ಮುಂತಾದವುಗಳ ತೂಕ ಎಷ್ಟೋ ಸಲ 10 ಮಿಲಿಗ್ರಾಂ ದಾಟುವುದಿಲ್ಲ. ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತಳ್ಳಿ ಇವನ್ನು ತಯಾರಿಸುವ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ ಮಾತ್ರ ದೊಡ್ಡ ವಸ್ತುಗಳಿಗೆಂದೇ ಬೆಳೆದು ಬಂದದ್ದು. 1872ರಲ್ಲಿ ಹಯಾಟ್ ಸೋದರರು ಪೇಟೆಂಟ್ ಪಡೆದದ್ದು ದಂಡದಿಂದ ಮಾಲು ತಳ್ಳುವ ಪ್ಲಂಜರ್ ಯಂತ್ರಕ್ಕೆ. 1940ರ ದಶಕದಲ್ಲಿ ಜೇಮ್ಸ್ ಹೆಂಡ್ರಿ ತಿರುಗುತ್ತಾ ಕರಗಿಸಿ ತಳ್ಳುವ ಸ್ಕ್ರೂ ತಂದರು, ಆಮೇಲೆ ಅದರದೇ ರಾಜ್ಯಭಾರ.

ತೊಡಕು ಶುರುವಾದದ್ದೂ ಸ್ಕ್ರೂವಿನಿಂದಲೇ. ಪ್ಲಾಸ್ಟಿಕ್ ಹರಳು ಸುಮಾರು 3 ಮಿ.ಮೀ. ಇರುತ್ತದೆ. ಅದನ್ನು ಎಳೆದುಕೊಳ್ಳುವಷ್ಟು ಆಳದ ತೋಡು ಕೊರೆದ ಮೇಲೂ ಮುರಿಯದಿರಬೇಕಾದರೆ ಸ್ಕ್ರೂ 14 ಮಿ.ಮೀ. ಆದರೂ ದಪ್ಪ ಬೇಕು. ಅದು 1 ಮಿ.ಮೀ. ಸರಿದರೆ 154 ಘನ ಮಿ.ಮೀ. ಕರಗಿದ ಮಾಲು ಹೊರಡುತ್ತದೆ. 10 ಮಿಲಿಗ್ರಾಂ ಭಾಗಕ್ಕೆ ಬೇಕಾದದ್ದು ಸುಮಾರು 8. ಅಷ್ಟು ಕಡಿಮೆ ಮಾಲನ್ನು ಅಳೆದು ತಳ್ಳಲಾಗದೆ, ಅಚ್ಚಿಗೆ ಮಾಲು ಹರಿಯುವ ಕಾಲುವೆಯಾದ ರನ್ನರನ್ನು ಬೇಕೆಂದೇ ದಪ್ಪ ಮಾಡುವ ರೂಢಿ ಬಂತು. ಹಾಕಿದ ಮಾಲಿನಲ್ಲಿ ಬಹುಪಾಲು ಗುಜರಿಗೆ ಹೋಯಿತು. 1990ರ ದಶಕದ ಕೊನೆಗೆ ಯಂತ್ರ ಕಂಪನಿ ಬ್ಯಾಟೆನ್‌ಫೆಲ್ಡ್‌ನ ಮೈಕ್ರೋಸಿಸ್ಟಮ್ 50 ಕರಗಿಸುವ ಕೆಲಸವನ್ನು 14 ಮಿ.ಮೀ. ಸ್ಕ್ರೂಗೂ ಒಳತಳ್ಳುವ ಕೆಲಸವನ್ನು 5 ಮಿ.ಮೀ. ಪ್ಲಂಜರ್‌ಗೂ ಹಂಚಿತು.

ಅಲ್ಲಿಂದ ಮುಂದಿನ ಕಷ್ಟವೆಲ್ಲ ಅಚ್ಚಿನದು. ಭಾಗದ 0.1 ಮಿ.ಮೀ. ದಪ್ಪದ ಗೋಡೆ ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲೇ ಗಟ್ಟಿಯಾಗಲು ತೊಡಗುತ್ತದೆ. ತುಂಬುವಾಗ ಅಚ್ಚನ್ನು ಬಿಸಿ ಮಾಡಿ, ತುಂಬಿದ ಮೇಲೆ ತಣಿಸುವ ವೇರಿಯೋಥರ್ಮ್ ಪದ್ಧತಿ ಇದಕ್ಕೆ ಉತ್ತರ, ಒಂದು ಸುತ್ತಿಗೆ ಹಿಡಿಯುವ ಸೈಕಲ್ ಸಮಯ ಹೆಚ್ಚುವುದನ್ನು ಒಪ್ಪಿಕೊಳ್ಳುವುದಾದರೆ.

ಅಚ್ಚು ಪೂರ್ತಿ ತುಂಬದ ಶಾರ್ಟ್ ಶಾಟ್ ಕಂಡೊಡನೆ ಒತ್ತಡ, ವೇಗ ಏರಿಸುವುದು ಎಲ್ಲೆಡೆಯ ಅಭ್ಯಾಸ. ಎಷ್ಟೋ ಸಲ ಕಾರಣ ಒಳಗೆ ಸಿಕ್ಕಿಕೊಂಡ ಗಾಳಿ. ವೇಗ ಏರಿದಷ್ಟೂ ಆ ಗಾಳಿ ಅದುಮಿಕೊಂಡು ಬಿಸಿಯಾಗುತ್ತದೆ, ಮೂಲೆ ಸುಟ್ಟು ಕಪ್ಪಾಗುತ್ತದೆ. ಒತ್ತಡ ಏರಿದರೆ ಅಚ್ಚಿನ ಹೋಳುಗಳು ಕೂಡುವ ಪಾರ್ಟಿಂಗ್ ಲೈನ್‌ನಲ್ಲಿ ಮಾಲು ಹೊರಚೆಲ್ಲಿ ಫ್ಲ್ಯಾಶ್ ಏಳುತ್ತದೆ. ಮೊದಲು ನೋಡಬೇಕಾದದ್ದು ಗಾಳಿ ಹೊರಹೋಗುವ ವೆಂಟ್. 5ರಿಂದ 10 ಮೈಕ್ರಾನ್‌ನ ಆ ಸಂದಿಯಲ್ಲಿ ಮಸಿ ಕಟ್ಟಿಕೊಂಡಿದ್ದರೆ ಸೆಟ್ಟಿಂಗ್ ಬದಲಿಸಿ ಏನೂ ಸಿಗದು. ಗಾಳಿಗೆ ದಾರಿಯೇ ಇಲ್ಲದ ಕುರುಡು ಮೂಲೆಯಿದ್ದರೆ ನಿರ್ವಾತ ಪಂಪ್ ಬೇಕು.

ಕುಗ್ಗುವಿಕೆಯ ಲೆಕ್ಕವೂ ಕಠಿಣ. ಅಸಿಟಾಲ್ ಎಂಬ ಪ್ಲಾಸ್ಟಿಕ್ ತಣಿದಾಗ ಸುಮಾರು ಶೇ 2 ಕುಗ್ಗುತ್ತದೆ, ಅಂದರೆ 1 ಮಿ.ಮೀ.ಗೆ 20 ಮೈಕ್ರಾನ್. ಡ್ರಾಯಿಂಗ್‌ನಲ್ಲಿ ±5 ಮೈಕ್ರಾನ್ ಬರೆದಿದ್ದರೆ ಭಾಗದಲ್ಲಿ ರಂಧ್ರ ಮೂಡಿಸುವ ಕೋರ್ ಪಿನ್ನನ್ನು ತುಸು ದಪ್ಪವಾಗಿಯೇ ಬಿಟ್ಟು, ಟ್ರಯಲ್ ಆದಮೇಲೆ ಉಜ್ಜಬೇಕು. ಅಚ್ಚಿನಿಂದ ಬಂದ ಮೇಲೂ ಅಸಿಟಾಲ್ ಕುಗ್ಗುತ್ತಲೇ ಇರುವುದರಿಂದ ಅಳತೆ 24 ಗಂಟೆ ಕಳೆದ ಮೇಲೆ. ತೂಕದಿಂದ ಗುಣಮಟ್ಟ ನೋಡುವವರು ರನ್ನರ್ ಕತ್ತರಿಸಿ ಭಾಗವನ್ನಷ್ಟೇ ತೂಗಬೇಕು. ಒಟ್ಟಿಗೆ ತೂಗಿದರೆ ಭಾಗದಲ್ಲಿ ಅರ್ಧ ಮಿಲಿಗ್ರಾಂ ಕೊರತೆಯಿದ್ದರೂ ರನ್ನರ್‌ನ ಏರಿಳಿತದಲ್ಲಿ ಅದು ಮುಚ್ಚಿಹೋಗುತ್ತದೆ.